ಲಾಡಿ ಬ್ಯಾಗು ಹರಿಯುವುದು ಮೂಲೆಯಲ್ಲೇ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮದು ಸಣ್ಣ ಆಲ್ಟರೇಷನ್ ಅಂಗಡಿ. ಬ್ಲೌಸ್ ಬಿಚ್ಚಿ ಸಡಿಲ ಮಾಡುವುದು, ಪ್ಯಾಂಟ್ ಗಿಡ್ಡ ಮಾಡುವುದು, ಜಿಪ್ ಬದಲಾಯಿಸುವುದು, ಇದೇ ಕೆಲಸ. ಇದರ ನಡುವೆ ಬೆನ್ನಿಗೆ ಹಾಕುವ ಲಾಡಿ ಬ್ಯಾಗುಗಳೂ ರಿಪೇರಿಗೆ ಬರುತ್ತವೆ. ಮಕ್ಕಳು ಟ್ಯೂಷನ್ನಿಗೆ ಒಯ್ಯುತ್ತಾರಲ್ವಾ, ಎಳೆದರೆ ಬಾಯಿ ಮುಚ್ಚುವ, ಅದೇ ಲಾಡಿ ಹೆಗಲಿಗೂ ಆಗುವ ಬ್ಯಾಗು. ಬರುವುದರಲ್ಲಿ ಜಾಸ್ತಿ ಹರಿದಿರುವುದು ಒಂದೇ ಕಡೆ, ಕೆಳಗಿನ ಮೂಲೆಯಲ್ಲಿ.

ಬಾಯಿಯ ಹತ್ತಿರ ಲಾಡಿ ಸುತ್ತಲೂ ಓಡುತ್ತದೆ, ಭಾರ ಹಂಚಿಹೋಗುತ್ತದೆ. ಕೆಳಗೆ ಹಾಗಲ್ಲ. ಲೋಕಲ್ ರೈಲಿನ ಗದ್ದಲದಲ್ಲಿ ಬ್ಯಾಗನ್ನು ಎದೆಗೆ ಹಾಕಿಕೊಂಡು ನಿಂತಿರುತ್ತೀರಿ, ಇಳಿಯುವವರ ಕೈಗೆ ಲಾಡಿ ಸಿಕ್ಕಿ ಜಗ್ಗಿತು ಅಂದರೆ ಆ ಎಳೆತವೆಲ್ಲ ಮೂಲೆಯಲ್ಲಿರುವ ಬೆರಳಗಲ ಬಟ್ಟೆಯ ಮೇಲೆ. ಪುಕ್ಕಟೆ ಹಂಚುವ ಬ್ಯಾಗುಗಳಲ್ಲಿ ಒಂಟಿ ಬಟ್ಟೆಗೆ ತೂತು ಹೊಡೆದು ಐಲೆಟ್, ಅಂದರೆ ಲೋಹದ ಸಣ್ಣ ಬಳೆ, ಒತ್ತಿರುತ್ತಾರೆ. ಲಾಡಿ ಗಟ್ಟಿ, ಐಲೆಟ್ಟೂ ಗಟ್ಟಿ. ಸುತ್ತಲಿನ ಬಟ್ಟೆ ಮಾತ್ರ ಕಿತ್ತು ಬರುತ್ತದೆ.

ಅದಕ್ಕೇ ಕೆಲಸ ಕಲಿಯಲು ಬರುವ ಹುಡುಗಿಯರಿಗೆ ಮೊದಲು ಹರಿದ ಬ್ಯಾಗು ಕೊಡುತ್ತೇನೆ, ಹೊಸ ಬಟ್ಟೆ ಆಮೇಲೆ. "ಅಕ್ಕಾ, ಹೊಲಿಯೋದು ಯಾವಾಗ?" ಅಂತ ಮುಖ ಸಣ್ಣ ಮಾಡುತ್ತಾರೆ. ಮಾಡಲಿ.

ಮನೆಯಲ್ಲಿ ಹೊಲಿಯುವವರು ದಪ್ಪ ಕಾಟನ್ ಅಥವಾ ತೆಳು ಕ್ಯಾನ್ವಾಸ್ ತೆಗೆದುಕೊಳ್ಳಿ. ಮುಂಬೈಯ ಬಟ್ಟೆಪೇಟೆ ಮಂಗಲದಾಸ್ ಮಾರ್ಕೆಟ್‌ಗೆ ಹೋದರೆ ಸಿಗುತ್ತದೆ, ಮುಕ್ಕಾಲು ಮೀಟರ್ ಧಾರಾಳ. ಕತ್ತರಿಸುವ ಮೊದಲು ಒಗೆದು ಇಸ್ತ್ರಿ ಮಾಡಿ, ಕಾಟನ್ ಮೀಟರಿಗೆ 3ರಿಂದ 5 ಸೆಂಟಿಮೀಟರ್ ಕುಗ್ಗಬಹುದು. 15 ಇಂಚು ಅಗಲ, 19.5 ಇಂಚು ಉದ್ದದ ಎರಡು ತುಂಡು ಸಾಕು. ಮಷಿನ್ನಿಗೆ 16 ನಂಬರ್ ಸೂಜಿ, ಪಾಲಿಯೆಸ್ಟರ್ ದಾರ.

ಈಗ ಮೂಲೆ. 4 ಇಂಚಿನ ಗಟ್ಟಿ ಟೇಪು ಮಡಚಿ ಕುಣಿಕೆ ಮಾಡಿ. ಎರಡು ತುಂಡುಗಳ ಒಳ್ಳೆ ಮಗ್ಗುಲು ಎದುರುಬದುರು ಇಟ್ಟು, ತಳದಿಂದ ಸುಮಾರು 1 ಇಂಚು ಮೇಲೆ, ಎರಡೂ ಪಕ್ಕದಲ್ಲಿ ಕುಣಿಕೆ ಒಳಮುಖವಾಗಿ ಬರುವಂತೆ ಸಿಕ್ಕಿಸಿ. ಟೇಪಿನ ತುದಿ ಬಟ್ಟೆಯ ಅಂಚಿನಿಂದ ಅರ್ಧ ಇಂಚು ಹೊರಗೆ ಇರಲಿ. ತುದಿ ಅಂಚಿಗೆ ಸರಿಯಾಗಿ ನಿಂತರೆ ನೋಡಲು ನೀಟು, ಆದರೆ ಜಗ್ಗಿದಾಗ ಜಾರಿ ಬರುತ್ತದೆ. ಆ ಜಾಗಕ್ಕೆ ಒಳಗಿನಿಂದ ಒಂದು ಚಿಕ್ಕ ತುಂಡು ಬಟ್ಟೆ ಇಟ್ಟು, ಅದರ ಮೇಲೆ ಹಿಂದೆ ಮುಂದೆ ಮೂರು ಸಲ ಮಷಿನ್ ಓಡಿಸಿ. ತೆಳು ಬಟ್ಟೆಯಾದರೆ ಈ ತುಂಡು ಬೇಕೇ ಬೇಕು.

ಉಳಿದದ್ದು ಸುಲಭ. ತಳ ಮತ್ತು ಪಕ್ಕಗಳನ್ನು ಅರ್ಧ ಇಂಚು ಬಿಟ್ಟು ಹೊಲಿಯಿರಿ, ಪಕ್ಕಗಳಲ್ಲಿ ಮೇಲಿನ ಮೂರೂವರೆ ಇಂಚು ತೆರೆದಿಡಿ. ತೆರೆದ ಅಂಚನ್ನು ಒಳಗೆ ಮಡಚಿ ಹೊಲಿದು, ಆಮೇಲೆ ಬಾಯಿಯನ್ನು ಅರ್ಧ ಇಂಚು, ಮತ್ತೆ ಒಂದೂವರೆ ಇಂಚು ಮಡಚಿ ಹೊಲಿದರೆ ನೇಫಾ, ಅಂದರೆ ಲಾಡಿ ಓಡುವ ಕೊಳವೆ, ಆಯಿತು. ಬ್ಯಾಗನ್ನು ತಿರುವಿ ಒಳ್ಳೆ ಮಗ್ಗುಲು ಹೊರಗೆ ತನ್ನಿ. ಲಾಡಿ ಎರಡು, ಒಂದೊಂದೂ 2 ಮೀಟರ್. ಪಿನ್ನು ಕಟ್ಟಿ ಒಂದನ್ನು ಎಡದಿಂದ ಹಾಕಿ, ಪೂರ್ತಿ ಸುತ್ತಿಸಿ ಎಡಕ್ಕೇ ಹೊರಗೆ ತೆಗೆದು, ಎರಡೂ ತುದಿ ಎಡ ಕುಣಿಕೆಗೆ ಗಂಟು. ಇನ್ನೊಂದು ಬಲದಿಂದ, ಹಾಗೆಯೇ.

ಲಾಡಿ 5 ಮಿಲಿಮೀಟರಿಗಿಂತ ತೆಳ್ಳಗೆ ಬೇಡ, ಹೆಗಲು ಕೊಯ್ಯುತ್ತದೆ. ಕಾಟನ್ ಲಾಡಿ ಮೆತ್ತಗೆ, ಆದರೆ ನಮ್ಮ ಮಳೆಯಲ್ಲಿ ನೆನೆದು ಉಬ್ಬಿ ನೇಫಾದಲ್ಲಿ ಸಿಕ್ಕಿಕೊಳ್ಳುತ್ತದೆ. ಪಾಲಿಯೆಸ್ಟರ್ ಸರಾಗ ಓಡುತ್ತದೆ, ಆದರೆ ಗಂಟು ಸಡಿಲವಾಗುತ್ತದೆ, ತುದಿ ಸುಟ್ಟು ಎರಡು ಗಂಟು ಹಾಕಬೇಕು. ಜೂನ್ ತಿಂಗಳಲ್ಲಿ ಕೇಳಿದವರಿಗೆ ನಾನು ಪಾಲಿಯೆಸ್ಟರ್ರೇ ಹಾಕಿಕೊಡುತ್ತೇನೆ.

ಲೈನಿಂಗ್ ಬೇಕಾ ಅಂತ ಕೇಳುವವರು ಇದ್ದಾರೆ. ಸುಮ್ನೆ ಖರ್ಚು. ಆ ಬಟ್ಟೆಯನ್ನು ಮೂಲೆಗೆ ಹಾಕಿ.