ಮುಡುಮಾಲ್‌ಗೆ ಹೋದರೆ ಎತ್ತರದ ಕಲ್ಲನ್ನಷ್ಟೇ ನೋಡಿ ಬರಬೇಡಿ

ಮುಡುಮಾಲ್ ಎಂದರೆ ಸಾವಿರಾರು ವರ್ಷಗಳ ಹಿಂದೆ ಜನ ನೆಟ್ಟ ಕಲ್ಲುಗಳ ಬಯಲಿರುವ ಊರು. ಕೃಷ್ಣಾ ರೈಲು ನಿಲ್ದಾಣದಲ್ಲಿ ಇಳಿದು ಅಲ್ಲಿಗೆ ಆಟೊ ಹಿಡಿಯುವವರು ಕಾಯುವ ಹಣದ ಮಾತನ್ನೂ ಮೊದಲೇ ಮುಗಿಸಿಕೊಳ್ಳಿ. ಹೋಗಿ ಬರಲು 400 ರೂಪಾಯಿಗೆ ಒಪ್ಪಿದ್ದ ಚಾಲಕ, ನಾವು ಕಲ್ಲುಗಳ ನಡುವೆ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಹಾರ್ನ್ ಒತ್ತತೊಡಗಿದ. ‘ಕಲ್ಲು ನೋಡಿ ಆಯಿತಲ್ಲ, ಇನ್ನೇನಿದೆ ಅಲ್ಲಿ?’ ಎಂದು ರೇಗಿ, ಕೊನೆಗೆ 900 ಕಿತ್ತುಕೊಂಡ. ಬೇರೆ ವಾಹನ ಸಿಗದ ಜಾಗ, ಕೊಡದೆ ದಾರಿಯಿರಲಿಲ್ಲ. ಹಣ ಹೋದದ್ದಕ್ಕಿಂತ ಆ ಅವಸರಕ್ಕೇ ನನಗೆ ಸಿಟ್ಟು ಬಂತು.

ಮರುದಿನ ರಾಯಚೂರಿನ ಪರಿಚಯದವರ ಬೈಕ್ ತೆಗೆದುಕೊಂಡು, ಕತ್ತಲಿರುವಾಗಲೇ ಶಕ್ತಿನಗರದ ಮೇಲೆ ಹಾದು ನದಿ ದಾಟಿ ಹೋದೆವು. ನೀವೂ ಹಾಗೆಯೇ ಮಾಡಿ. ಊರು ತೆಲಂಗಾಣದ ನಾರಾಯಣಪೇಟೆ ಜಿಲ್ಲೆಗೆ ಸೇರಿದರೂ ಗಡಿಸೀಮೆಯಾದ್ದರಿಂದ ದಾರಿ ಕೇಳಲು ಕನ್ನಡ ಸಾಕಾಯಿತು.

ಹತ್ತರಿಂದ ಹದಿನಾಲ್ಕು ಅಡಿಯ ನಿಲಸುಗಲ್ಲುಗಳು ಇಲ್ಲಿ ಎಂಬತ್ತರಷ್ಟಿವೆ. ಬಂದವರೆಲ್ಲ ಅವುಗಳ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಹೊರಡುತ್ತಾರೆ. ನೆಲ ನೋಡಿ ನಡೆಯಿರಿ. ಮೊಣಕಾಲೆತ್ತರವೂ ಇಲ್ಲದ ಚಿಕ್ಕ ಕಲ್ಲುಗಳು ಸಾಲುಸಾಲಾಗಿ ಹಬ್ಬಿವೆ, ಒಟ್ಟು ಸುಮಾರು ಮೂರು ಸಾವಿರ. ಹೈದರಾಬಾದ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ಕೆ.ಪಿ. ರಾವ್ ವರ್ಷಗಟ್ಟಲೆ ಅಧ್ಯಯನ ಮಾಡಿ, ಹಗಲಿರುಳು ಸಮವಾಗುವ ದಿನಗಳಲ್ಲಿ ಮತ್ತು ಹಗಲು ಅತಿ ಉದ್ದ ಇಲ್ಲವೇ ಅತಿ ಚಿಕ್ಕದಾಗುವ ಅಯನ ಸಂಕ್ರಾಂತಿಗಳಲ್ಲಿ ಸೂರ್ಯ ಹುಟ್ಟುವ, ಮುಳುಗುವ ದಿಕ್ಕಿಗೆ ಈ ಸಾಲುಗಳು ಹೊಂದಿಕೊಂಡಿವೆ ಎಂದು ತೋರಿಸಿದ್ದಾರೆ. ಸುಮಾರು 3,500 ವರ್ಷಗಳ ಹಿಂದಿನವು ಎಂಬುದು ಸಂಶೋಧಕರ ಲೆಕ್ಕ. ಸಾಲಿನ ಒಂದು ತುದಿಯಲ್ಲಿ ನಿಂತು ದೂರದ ಬಯಲಂಚಿನವರೆಗೆ ಕಣ್ಣು ಹಾಯಿಸಿದರೆ, ಅಂಚಿನವರೆಗೂ ಬರಿದಾದ ಈ ಬಯಲನ್ನೇ ಕಲ್ಲು ನೆಟ್ಟವರು ಏಕೆ ಆರಿಸಿಕೊಂಡರೆಂದು ತಾನೇ ಹೊಳೆಯುತ್ತದೆ. ಒಂಟಿ ಕಲ್ಲಿನ ಫೋಟೊದಲ್ಲಿ ಅದು ಎಂದಿಗೂ ಸಿಗದು.

ಸಪ್ತರ್ಷಿ ಮಂಡಲವನ್ನು ಕುಳಿಗಳಲ್ಲಿ ಕೊರೆದಿರುವ ಬಂಡೆಯನ್ನು ಊರಿನವರನ್ನು ಕೇಳಿ ಹುಡುಕಿ. ನೆತ್ತಿಯ ಬಿಸಿಲಿನಲ್ಲಿ ಕುಳಿಗಳು ಕಾಣುವುದೇ ಇಲ್ಲ. ಬೆಳಗಿನ ಓರೆ ಬಿಸಿಲಿಗೆ ಒಂದೊಂದರಲ್ಲೂ ನೆರಳು ತುಂಬಿಕೊಂಡು, ನಾವು ಬಾಲ್ಯದಿಂದ ನೋಡಿದ ಅದೇ ಆಕಾರ ಎದ್ದು ನಿಂತಿತು. ನನಗೆ ರೋಮಾಂಚನವಾಯಿತು.

ಊರಿನವರಿಗೆ ಇವು ನಿಲುರಾಳ್ಳ ತಿಮ್ಮಪ್ಪ, ಅಂದರೆ ನಿಂತ ಕಲ್ಲುಗಳ ತಿಮ್ಮಪ್ಪ. ಒಂದು ಕಲ್ಲಿಗೆ ಎಲ್ಲಮ್ಮನೆಂದು ಪೂಜೆಯೂ ಉಂಟು. ಹತ್ತುವುದು, ಹೆಸರು ಗೀಚುವುದು ಬೇಡವೇ ಬೇಡ. 2025ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದ ಜಾಗವಿದು, ಜನ ಹೆಚ್ಚುವ ಮುನ್ನ ನೋಡಿಬಿಡಿ. ಗದ್ದಲವಿದ್ದರೆ ಇಲ್ಲಿ ಏನೂ ದಕ್ಕದು.

ರಾಯಚೂರಿನ ನಮ್ಮ ಕೋಣೆಗೆ 1,800 ರೂಪಾಯಿ ತೆತ್ತರೂ ಬಿಸಿನೀರು ಬರಲಿಲ್ಲ. ಆ ಬೇಸರವನ್ನೆಲ್ಲ ಕಳೆದದ್ದು ಬೀದಿಬದಿಯ ಒಗ್ಗರಣೆ-ಮಿರ್ಚಿ. ನೆನೆಸಿ ಹಿಂಡಿದ ಮಂಡಾಳಿಗೆ (ಮಂಡಕ್ಕಿಗೆ) ಈರುಳ್ಳಿ, ಹಸಿಮೆಣಸಿನಕಾಯಿ, ಅರಿಸಿನದ ಒಗ್ಗರಣೆ ಕಲಸಿ, ಮೇಲೆ ಪುಟಾಣಿ ಪುಡಿ ಉದುರಿಸಿ, ಆಗತಾನೇ ಬಾಣಲೆಯಿಂದ ತೆಗೆದ ಎರಡು ಮಿರ್ಚಿ ಇಟ್ಟು ಕೊಟ್ಟರು. ಹುಳಿ, ಖಾರ, ಮೆತ್ತಗಿನ ಮಂಡಾಳು, ಗರಿಗರಿ ಮಿರ್ಚಿ ಎಲ್ಲ ಒಟ್ಟಿಗೇ ಬಾಯಿಗೆ! ತಟ್ಟೆ ಖಾಲಿಯಾದದ್ದು ನೋಡಿ ಅಂಗಡಿಯ ಅಜ್ಜಿ ಕೇಳದೆಯೇ ಇನ್ನೊಂದು ಹಿಡಿ ಬಡಿಸಿದರು. ಇಬ್ಬರಿಗೂ ಸೇರಿ 80 ರೂಪಾಯಿ. ಹೊಟ್ಟೆ ತುಂಬಿಸಿಕೊಂಡೇ ಹೊರಡಿ, ಒಂದು ಪೊಟ್ಟಣ ಕಟ್ಟಿಸಿಕೊಳ್ಳಿ, ಏಕೆಂದರೆ ಕಲ್ಲುಗಳ ಬಳಿ ತಿನ್ನಲು ಏನೂ ಸಿಗುವುದಿಲ್ಲ.

ಡಿಸೆಂಬರ್, ಜನವರಿ ಒಳ್ಳೆಯ ಸಮಯ. ಮಾರ್ಚ್ ದಾಟಿದರೆ ಮಕ್ಕಳನ್ನೂ ಹಿರಿಯರನ್ನೂ ಕರೆದೊಯ್ಯಬೇಡಿ, ಅಲ್ಲಿ ಹೇಳಿಕೊಳ್ಳುವ ನೆರಳಿಲ್ಲ. ನೆಲದಲ್ಲಿ ಮುಳ್ಳಿರುವುದರಿಂದ ಚಪ್ಪಲಿ ಬಿಟ್ಟು ಬೂಟು ಹಾಕಿಕೊಳ್ಳಿ, ತಲಾ ಎರಡು ಲೀಟರ್ ನೀರು ಒಯ್ಯಿರಿ.