ಟ್ರಯಲ್‌ಗೆ ಸೇರಿದರೆ ಪ್ರಯೋಗದ ಇಲಿ ಮಾಡ್ತಾರಲ್ವಾ?

ನನಗೆ ಸಿಎಂಎಲ್ ಅನ್ನುವ ಬ್ಲಡ್ ಕ್ಯಾನ್ಸರ್ ಇದೆ ಅಂತ ಗೊತ್ತಿರುವವರೆಲ್ಲ ಕೇಳುವ ಪ್ರಶ್ನೆ ಇದು. ಅವರ ಮನೆಯಲ್ಲಿ ಯಾರಿಗೋ ಕಾಯಿಲೆ, ಡಾಕ್ಟರು ಟ್ರಯಲ್ (ಹೊಸ ಔಷಧಿಯನ್ನು ಒಪ್ಪಿದ ರೋಗಿಗಳಿಗೆ ಕೊಟ್ಟು ನೋಡುವ ಪರೀಕ್ಷೆ) ಅಂದಿದ್ದಾರೆ, ತಕ್ಷಣ ನನಗೆ ಫೋನು. ಹೇಳಿ ಹೇಳಿ ಬಾಯಿ ನೋಯುತ್ತಿದೆ, ಬರೆದೇ ಬಿಡುತ್ತೇನೆ.

ಕಳೆದ ವರ್ಷ ಒಂದು ಮದುವೆ ಊಟಕ್ಕೆ ದೂರದ ಮಾವ ಒಬ್ಬರು ಪಕ್ಕದಲ್ಲಿ ಕೂತರು. "ಇಷ್ಟು ಚೆನ್ನಾಗಿದ್ದೀಯಲ್ಲೋ, ನಿಜವಾಗ್ಲೂ ಕ್ಯಾನ್ಸರಾ?" ಅಂದರು. ಹೋಳಿಗೆ ಬರುವಷ್ಟರಲ್ಲಿ, "ಆ ಟ್ರಯಲ್ಲು ಗಿಯಲ್ಲು ಅಂತ ಹೋಗಬೇಡ, ಇಲಿ ಮಾಡಿಬಿಡ್ತಾರೆ" ಅಂತ ಬುದ್ಧಿ ಬೇರೆ. ಮಾವ, ನಾನು ಎರಡನೇ ಹೋಳಿಗೆ ಹಾಕಿಸಿಕೊಳ್ಳುತ್ತಿರುವುದೇ ಟ್ರಯಲ್‌ನಿಂದ! ಹೇಳಲಿಲ್ಲ. ತುಪ್ಪ ಬರುತ್ತಿತ್ತು.

ನಾನು ದಿನಾ ನುಂಗುವ ಇಮ್ಯಾಟಿನಿಬ್ ಮಾತ್ರೆಯನ್ನು 1998ರಲ್ಲಿ ಎಸ್‌ಟಿಐ571 ಅಂತ ನಂಬರ್ ಹಾಕಿ ಕರೆಯುತ್ತಿದ್ದರು. ಅಮೆರಿಕದಲ್ಲಿ ಬ್ರಯಾನ್ ಡ್ರೂಕರ್ ಅನ್ನುವ ಕ್ಯಾನ್ಸರ್ ಡಾಕ್ಟರು ಮತ್ತಿತರರು ಅದರ ಮೊದಲ ಟ್ರಯಲ್ ನಡೆಸಿದರು. ಇಂಟರ್‌ಫೆರಾನ್ ಅನ್ನುವ ಆಗಿನ ಇಂಜೆಕ್ಷನ್ ಕೈಕೊಟ್ಟವರು, ಅದನ್ನು ತಡೆಯಲಾಗದವರು ಸೇರಿದರು. 300 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ತಗೊಂಡ 54 ಜನರಲ್ಲಿ 53 ಜನರ ರಕ್ತಕಣದ ಲೆಕ್ಕ ಸರಿಹೋಯಿತು. 2001ರಲ್ಲಿ ಔಷಧಿಗೆ ಅಲ್ಲಿ ಒಪ್ಪಿಗೆ ಸಿಕ್ಕಿತು. ಎಲ್ಲ ಟ್ರಯಲ್ ಹೀಗಲ್ಲ, ಬಹಳಷ್ಟು ಔಷಧಿಗಳು ದಾರಿಯಲ್ಲೇ ಬೀಳುತ್ತವೆ.

ಇನ್ನು "ಔಷಧಿಯೇ ಇಲ್ಲದ ಸಕ್ಕರೆ ಮಾತ್ರೆ ಕೊಟ್ಟು ಸಾಯೋಕೆ ಬಿಡ್ತಾರಂತೆ" ಅನ್ನುವವರು. ಇದೇ ಮಾತ್ರೆಯ ದೊಡ್ಡ ಟ್ರಯಲ್‌ನಲ್ಲಿ 1,106 ಜನ ಇದ್ದರು. ಅರ್ಧ ಜನಕ್ಕೆ ಇದು, ಉಳಿದವರಿಗೆ ಆಗ ರೂಢಿಯಲ್ಲಿದ್ದ ಚಿಕಿತ್ಸೆ. ಅದು ಹಿಡಿಸದಿದ್ದರೆ ಮಾತ್ರೆಗೆ ಬದಲಾಗಬಹುದಿತ್ತು. ಸಕ್ಕರೆ ಎಲ್ಲಿ ಬಂತು?

ಇಲಿಗೆ ಯಾರೂ ಒಪ್ಪಿಗೆ ಫಾರ್ಮ್ ಓದಿ ಹೇಳಲ್ಲ. ಮಧ್ಯದಲ್ಲಿ "ಸಾಕು, ಹೊರಟೆ" ಅನ್ನುವ ಹಕ್ಕೂ ಅದಕ್ಕಿಲ್ಲ. ನಿಮಗಿದೆ.

ನನ್ನನ್ನು ಬೇರೆ ಏನಾದರೂ ಕೇಳಿ ನೋಡೋಣ! ಇದು ಎಷ್ಟನೇ ಹಂತದ ಟ್ರಯಲ್? ಮೊದಲ ಹಂತವಾದರೆ ಮುಖ್ಯವಾಗಿ ನೋಡುವುದು ಎಷ್ಟು ಡೋಸ್ ದೇಹ ತಡೆಯುತ್ತೆ ಅಂತ. ಟ್ರಯಲ್‌ಗಳನ್ನು ನೋಂದಾಯಿಸುವ ಸರ್ಕಾರದ ಸಿಟಿಆರ್‌ಐ ಪಟ್ಟಿಯಲ್ಲಿ ಇದೆಯಾ? ಟ್ರಯಲ್‌ನಿಂದ ತೊಂದರೆಯಾದರೆ ಪುಕ್ಕಟೆ ಚಿಕಿತ್ಸೆ, ಪರಿಹಾರ ಕೊಡಬೇಕು ಅಂತ 2019ರ ನಿಯಮ ಇದೆ, ಅದು ಫಾರ್ಮ್‌ನಲ್ಲಿ ಬರೆದಿದೆಯಾ? ತಿಂಗಳು ತಿಂಗಳು ಬೆಂಗಳೂರಿಗೆ ಓಡಾಡುವ ಬಸ್ಸಿನ ಖರ್ಚು ಯಾರದು? ಜೊತೆಗೆ ಬರುವವರ ಕೂಲಿ? ಇದನ್ನು ಯಾರೂ ಕೇಳಲ್ಲ. ಇಲಿ, ಇಲಿ, ಇಲಿ.

ಫಾರ್ಮ್ ಕನ್ನಡದಲ್ಲಿ ಕೊಡಿ ಅನ್ನಿ. ಮನೆಗೆ ತಗೊಂಡು ಹೋಗಿ ಓದ್ತೀನಿ ಅನ್ನಿ. "ಟೈಮ್ ಇಲ್ಲ, ಈಗಲೇ ಸಹಿ ಹಾಕಿ" ಅಂದರೆ, ಆಗ ಬೇಕಾದರೆ ನನಗೆ ಫೋನ್ ಮಾಡಿ.