ವೀಸಾ ಹತ್ತು ವರ್ಷದ್ದು, ಅಪ್ಪ ಅಮ್ಮ ಇರೋದು ಮಾತ್ರ ಆರು ತಿಂಗಳು

ಸೆಪ್ಟೆಂಬರ್ ಬಂತು ಅಂದ್ರೆ ಸಾಕು, ಇಲ್ಲಿ ಅಮೆರಿಕದಲ್ಲಿ ನಮ್ಮ ಕನ್ನಡ ವಾಟ್ಸಾಪ್ ಗ್ರೂಪಲ್ಲಿ ಗಣೇಶನ ಹಬ್ಬದ ಪಾಟ್‌ಲಕ್ಕಿಗೆ ಯಾರು ಚಿತ್ರಾನ್ನ ಯಾರು ಕೋಸಂಬರಿ ಅನ್ನೋ ಮೆಸೇಜುಗಳ ಮಧ್ಯ ಒಂದು ಪ್ರಶ್ನೆ ಬಂದೇ ಬರುತ್ತೆ. ಅಪ್ಪ ಅಮ್ಮ ಏಪ್ರಿಲಲ್ಲಿ ಬಂದಿದ್ದು, ಆರು ತಿಂಗಳು ಮುಗೀತಾ ಬಂತು, ಮಗು ಇನ್ನೂ ಚಿಕ್ಕದು, ಇನ್ನೊಂದೆರಡು ತಿಂಗಳು ಇಟ್ಕೋಬಹುದಾ ಅಂತ. ಐದು ನಿಮಿಷದಲ್ಲಿ ಮೂರು ಥರದ ಉತ್ತರ ರೆಡಿ. ಒಬ್ರು, ವೀಸಾ 2033ರ ತನಕ ಇದೆಯಲ್ಲ ತಲೆ ಕೆಡಿಸ್ಕೋಬೇಡಿ ಅಂತಾರೆ. ಇನ್ನೊಬ್ರು, ಎಕ್ಸ್‌ಟೆನ್ಶನ್ ಹಾಕ್ಬಿಡಿ, ರಸೀದಿ ಬಂದ್ರೆ ಸಾಕು ಆರಾಮಾಗಿ ಇರಬಹುದು ಅಂತಾರೆ. ಮೂರನೇಯವ್ರು, ಕೆನಡಾ ಕಡೆಯಿಂದ ನಯಾಗರಾ ನೋಡ್ಕೊಂಡು ವಾಪಸ್ ಬನ್ನಿ, ಫ್ರೆಶ್ಶಾಗಿ ಆರು ತಿಂಗಳು ಸಿಗುತ್ತೆ ಅಂತಾರೆ.

ಮೊದಲನೇದು ಶುದ್ಧ ತಪ್ಪು, ಮೂರನೇದು ಬಹುತೇಕ ತಪ್ಪು, ಎರಡನೇದು ಅರ್ಧ ನಿಜ. ನನಗೆ ಭಯ ಆಗೋದು ಆ ಅರ್ಧ ನಿಜದ ಬಗ್ಗೆನೇ, ಯಾಕಂದ್ರೆ ಓದಿಕೊಂಡವ್ರು, ಎಚ್‌-1ಬಿ (ಕೆಲಸದ ವೀಸಾ) ಪೇಪರ್ ಎಲ್ಲ ಸರಿಯಾಗಿ ಇಟ್ಕೊಳ್ಳೋವ್ರು ಕೂಡ ಅಪ್ಪ ಅಮ್ಮನ ವಿಷಯಕ್ಕೆ ಬಂದಾಗ ಅಲ್ಲೇ ಜಾರೋದು.

ಮೊದಲು ಈ ಹತ್ತು ವರ್ಷದ ಸ್ಟಿಕರ್ ಕಥೆ ಮುಗಿಸಿಬಿಡೋಣ. ಚೆನ್ನೈಗೋ ಹೈದರಾಬಾದಿಗೋ ರೈಲಲ್ಲಿ ಹೋಗಿ (ಬೆಂಗಳೂರಲ್ಲಿ ಅಮೆರಿಕನ್ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆ ಆದಾಗ್ಲೂ ವೀಸಾ ಸರ್ವಿಸ್ ಶುರು ಆಗಿರ್ಲಿಲ್ಲ, ನಮ್ಮ ಹಣೆಬರಹ) ಇಂಟರ್‌ವ್ಯೂ ಕೊಟ್ಟು ತಗೊಂಡ ಬಿ-2, ಅಂದ್ರೆ ಪ್ರವಾಸಿ ವೀಸಾದ ಮೇಲೆ ಇರೋ ತಾರೀಖು ಏನಿದೆ, ಅದು ಆ ದಿನದ ಒಳಗೆ ನೀವು ಅಮೆರಿಕದ ಬಾಗಿಲಿಗೆ ಬಂದು ನಿಲ್ಲಬಹುದು ಅನ್ನೋದಕ್ಕೆ ಅಷ್ಟೇ. ಒಳಗೆ ಎಷ್ಟು ದಿನ ಇರಬಹುದು ಅಂತ ತೀರ್ಮಾನ ಮಾಡೋದು ಏರ್‌ಪೋರ್ಟಲ್ಲಿ ಕೂತಿರೋ ಸಿಬಿಪಿ (ಅಮೆರಿಕದ ಗಡಿ ತಪಾಸಣೆ ಇಲಾಖೆ) ಆಫೀಸರ್. ಅವ್ರು ಕೊಡೋ ತಾರೀಖು ಐ-94 ಅನ್ನೋ ರೆಕಾರ್ಡಲ್ಲಿ ಇರುತ್ತೆ. ಬಿ-2ಗೆ ಸಾಮಾನ್ಯವಾಗಿ ಆರು ತಿಂಗಳು ಕೊಡ್ತಾರೆ, ಆದ್ರೆ ಕಮ್ಮಿನೂ ಕೊಡಬಹುದು. ಮುಂಚೆ ಪಾಸ್‌ಪೋರ್ಟಲ್ಲಿ ಸ್ಟಾಂಪ್ ಒತ್ತಿ ಅದರ ಮೇಲೆ ಪೆನ್ನಲ್ಲಿ ತಾರೀಖು ಬರೀತಿದ್ರು, ಈಗ ಎಷ್ಟೋ ಕಡೆ ಸ್ಟಾಂಪೇ ಇಲ್ಲ, ಸೀದಾ ಸಿಬಿಪಿ ವೆಬ್‌ಸೈಟಲ್ಲಿ ನೋಡ್ಕೋಬೇಕು. ಅಬುಧಾಬಿ ಮೇಲೆ ಬರೋವ್ರಿಗೆ ಅಮೆರಿಕದ ಇಮಿಗ್ರೇಶನ್ ಅಬುಧಾಬಿಯಲ್ಲೇ ಮುಗಿದು ಹೋಗುತ್ತೆ, ಇಲ್ಲಿ ಇಳಿದಾಗ ಯಾರೂ ಏನೂ ಕೇಳಲ್ಲ, ಅದಕ್ಕೇ ಅವ್ರಿಗೆ ಐ-94 ಅಂತ ಒಂದಿದೆ ಅನ್ನೋದೇ ನೆನಪಿರಲ್ಲ.

ಅಪ್ಪ ಅಮ್ಮ ಮನೆ ತಲುಪಿ ಸ್ನಾನ ಮಾಡಿ ಕಾಫಿ ಕುಡಿದ ಮೇಲೆ ಮೊದಲ ಕೆಲಸ ಇದೇ ಆಗಬೇಕು ನೋಡಿ, ಇಬ್ಬರದ್ದೂ ಬೇರೆ ಬೇರೆ ಐ-94 ತೆಗೆದು ಪಿಡಿಎಫ್ ಸೇವ್ ಮಾಡೋದು. ಇಲ್ಲಿ ನಮ್ಮ ಕರ್ನಾಟಕದವ್ರಿಗೆ ಅಂತಾನೇ ಒಂದು ಸ್ಪೆಷಲ್ ತಲೆನೋವಿದೆ. ನಮ್ಮ ಹಿಂದಿನ ತಲೆಮಾರಿನವ್ರಿಗೆ ಸರ್‌ನೇಮ್ ಅನ್ನೋದೇ ಇಲ್ಲವಲ್ಲ, ಊರಿನ ಹೆಸರು ಅಪ್ಪನ ಹೆಸರು ಇನಿಶಿಯಲ್ಲು ಅಷ್ಟೇ, ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟು ಪೂರ್ತಿ ಹೆಸರು ಗಿವನ್ ನೇಮಲ್ಲಿ ಇರುತ್ತೆ. ಅಮೆರಿಕದ ವೀಸಾದಲ್ಲಿ ಅದು ಉಲ್ಟಾ ಆಗಿ, ಪೂರ್ತಿ ಹೆಸರು ಸರ್‌ನೇಮಿಗೆ ಹೋಗಿ ಗಿವನ್ ನೇಮ್ ಜಾಗದಲ್ಲಿ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್) ಅಂತ ಕೂತಿರುತ್ತೆ. ವೆಬ್‌ಸೈಟಲ್ಲಿ ಪಾಸ್‌ಪೋರ್ಟಲ್ಲಿ ಇರೋ ಥರ ಹಾಕಿದ್ರೆ ರೆಕಾರ್ಡ್ ಸಿಗಲಿಲ್ಲ ಅಂತ ಬರುತ್ತೆ, ಗಾಬರಿ ಆಗಬೇಡಿ, ವೀಸಾದಲ್ಲಿ ಇರೋ ಥರ ಹಾಕಿ ನೋಡಿ, ಎಫ್‌ಎನ್‌ಯು ಸೇರಿಸಿ ನೋಡಿ, ಸಾಮಾನ್ಯವಾಗಿ ಒಂದರಲ್ಲಿ ಸಿಗುತ್ತೆ. ಸಿಕ್ಕಿದ ರೆಕಾರ್ಡಲ್ಲಿ ಏನಾದ್ರೂ ತಪ್ಪಿದ್ರೆ, ಅಂದ್ರೆ ಬಿ-2 ಬದಲು ಬೇರೆ ಏನೋ ಇದ್ರೆ, ಸಿಬಿಪಿಯವರದ್ದೇ ಡಿಫರ್ಡ್ ಇನ್‌ಸ್ಪೆಕ್ಷನ್ ಆಫೀಸ್ ಅಂತ ಇರುತ್ತೆ, ಅಲ್ಲಿ ಸರಿ ಮಾಡಿಸ್ಕೋಬಹುದು.

ಇನ್ನೊಂದು, ಇದು ಪರಿಚಯದವ್ರೊಬ್ರ ಮನೇಲಿ ಆಗಿದ್ದು. ಅಮ್ಮನ ಪಾಸ್‌ಪೋರ್ಟ್ ಹೊಸದು, ಅಪ್ಪಂದು ಹಳೇದು, ಎಕ್ಸ್‌ಪೈರ್ ಆಗೋಕೆ ನಾಲ್ಕು ತಿಂಗಳು ಚಿಲ್ಲರೆ ಬಾಕಿ. ಇಬ್ರೂ ಒಂದೇ ಕೌಂಟರಲ್ಲಿ ನಿಂತ್ರು, ಒಂದೇ ಆಫೀಸರ್, ಅಮ್ಮನಿಗೆ ಆರು ತಿಂಗಳು ಸಿಕ್ತು, ಅಪ್ಪನಿಗೆ ಪಾಸ್‌ಪೋರ್ಟ್ ಮುಗಿಯೋ ದಿನದ ತನಕ ಮಾತ್ರ. ರಿಟರ್ನ್ ಟಿಕೆಟ್ ಮಾತ್ರ ಇಬ್ಬರದ್ದೂ ಐದೂವರೆ ತಿಂಗಳಿಗೆ. ಮಗ ಯಾಕೋ ಅನುಮಾನ ಬಂದು ಚೆಕ್ ಮಾಡದೇ ಹೋಗಿದ್ರೆ ಆ ಮನುಷ್ಯ ತನಗೇ ಗೊತ್ತಿಲ್ದೆ ಒಂದು ತಿಂಗಳ ಮೇಲೆ ಓವರ್‌ಸ್ಟೇ ಆಗಿ, ಖುಷಿಯಾಗಿ ಪಾರ್ಕಲ್ಲಿ ವಾಕಿಂಗ್ ಮಾಡ್ಕೊಂಡು ಇರ್ತಿದ್ರು. ಇಲ್ಲಿ ಪಾಸ್‌ಪೋರ್ಟ್ ರಿನ್ಯೂ ಮಾಡಿಸಿದ್ರೆ ಐ-94 ತಾನಾಗೇ ಮುಂದೆ ಹೋಗಲ್ಲ, ಅದಕ್ಕೆ ಬೇರೆ ಅರ್ಜಿ ಹಾಕ್ಬೇಕು. ಅದಕ್ಕೆ ಟಿಕೆಟ್ ಬುಕ್ ಮಾಡೋ ಮುಂಚೆ ಪಾಸ್‌ಪೋರ್ಟ್ ತಾರೀಖು ನೋಡಿ, ಊರಲ್ಲೇ ರಿನ್ಯೂ ಮಾಡಿಸಿ. ವೀಸಾ ಹಳೇ ಪಾಸ್‌ಪೋರ್ಟಲ್ಲಿ ಇದ್ರೂ ಪರವಾಗಿಲ್ಲ, ಎರಡನ್ನೂ ಜೊತೇಲಿ ತರಬೇಕು ಅಷ್ಟೇ.

ಸರಿ, ಆ ತಾರೀಖು ದಾಟಿದ್ರೆ ಏನಾಗುತ್ತೆ? ಎಲ್ಲರಿಗೂ ಗೊತ್ತಿರೋದು ದೊಡ್ಡ ಶಿಕ್ಷೆ. 1996ರ ಕಾನೂನಿನ ಪ್ರಕಾರ 180 ದಿನಕ್ಕಿಂತ ಜಾಸ್ತಿ ಅಕ್ರಮವಾಗಿ ಇದ್ದು ಹೊರಗೆ ಹೋದ್ರೆ ಮೂರು ವರ್ಷ ವಾಪಸ್ ಬರೋ ಹಾಗಿಲ್ಲ, ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಹತ್ತು ವರ್ಷ. ಇದನ್ನ ಕೇಳಿಕೊಂಡು ಜನ, ಓ ಹಂಗಾದ್ರೆ 180 ದಿನದ ಒಳಗೆ ಏನೂ ತೊಂದ್ರೆ ಇಲ್ಲ ಅಂತ ಲೆಕ್ಕ ಹಾಕ್ತಾರೆ. ಅಲ್ಲೇ ಇರೋದು ಎಡವಟ್ಟು. ಅಮೆರಿಕದ ಇಮಿಗ್ರೇಶನ್ ಕಾಯ್ದೆಯಲ್ಲಿ 222(ಜಿ) ಅಂತ ಒಂದು ಸೆಕ್ಷನ್ ಇದೆ, ಅದರ ಪ್ರಕಾರ ಐ-94 ತಾರೀಖಿನ ಮೇಲೆ ಒಂದೇ ಒಂದು ದಿನ ಉಳ್ಕೊಂಡ್ರೂ ಆ ಹತ್ತು ವರ್ಷದ ವೀಸಾ ರದ್ದಾದ ಹಾಗೇ. ಯಾರೂ ಕಾಗದ ಕಳಿಸಲ್ಲ, ಪಾಸ್‌ಪೋರ್ಟಲ್ಲಿ ಸ್ಟಿಕರ್ ಹಾಗೇ ಹೊಳೀತಾ ಇರುತ್ತೆ, 2033 ಅಂತ. ಮುಂದಿನ ಸಲ ಅದನ್ನ ನಂಬಿಕೊಂಡು ವಿಮಾನ ಹತ್ತಿ ಬಂದಾಗ ಕೌಂಟರಲ್ಲಿ ಗೊತ್ತಾಗುತ್ತೆ. ಹೊಸ ವೀಸಾಗೆ ಊರಲ್ಲೇ ಅರ್ಜಿ ಹಾಕಿ ಮತ್ತೆ ಕ್ಯೂನಲ್ಲಿ ನಿಲ್ಲಬೇಕು, ಆ ಕ್ಯೂ ಎಂಥದ್ದು ಅಂತ ಗೊತ್ತಲ್ಲ, 2022ರ ಕೊನೇಲಿ ಭಾರತದ ಕೆಲವು ಕಡೆ ಬಿ-2 ಇಂಟರ್‌ವ್ಯೂಗೆ ಹೆಚ್ಚುಕಡಿಮೆ ಸಾವಿರ ದಿನ ಕಾಯೋ ಪರಿಸ್ಥಿತಿ ಇತ್ತು. ಫಾರ್ಮಲ್ಲಿ ಯಾವಾಗಾದ್ರೂ ಓವರ್‌ಸ್ಟೇ ಮಾಡಿದ್ರಾ ಅಂತ ನೇರವಾಗೇ ಕೇಳ್ತಾರೆ, ಅಲ್ಲಿ ಇಲ್ಲ ಅಂತ ಸುಳ್ಳು ಹೇಳಿದ್ರೆ ಅದು ಓವರ್‌ಸ್ಟೇಗಿಂತ ದೊಡ್ಡ ತಪ್ಪಾಗಿ ಕೂರುತ್ತೆ.

ಹೋಗುವಾಗ ಯಾರೂ ನೋಡಲ್ಲ ಅಂತ ಹೇಳೋವ್ರೂ ಇದ್ದಾರೆ. ನಿಜ, ಬೆಂಗಳೂರಲ್ಲಿ ಇರೋ ಹಾಗೆ ಅಮೆರಿಕದಿಂದ ಹೊರಡುವಾಗ ಇಮಿಗ್ರೇಶನ್ ಕೌಂಟರ್ ಇಲ್ಲ, ಸ್ಟಾಂಪ್ ಇಲ್ಲ. ಆದ್ರೆ ಏರ್‌ಲೈನ್‌ನವ್ರು ಪ್ರಯಾಣಿಕರ ಪಟ್ಟಿ ಸರ್ಕಾರಕ್ಕೆ ಕಳಿಸ್ತಾರೆ, ಅದರಿಂದಾನೇ ಹೊರಟ ದಿನ ರೆಕಾರ್ಡ್ ಆಗೋದು, ನೀವೇ ಅದೇ ವೆಬ್‌ಸೈಟಲ್ಲಿ ಟ್ರಾವೆಲ್ ಹಿಸ್ಟರಿ ತೆಗೆದು ನೋಡಬಹುದು. ಈಗಂತೂ 2025ರ ಡಿಸೆಂಬರ್ 26ರಿಂದ ಜಾರಿಗೆ ಬಂದ ನಿಯಮದ ಪ್ರಕಾರ ಹೊರಡೋ ವಿದೇಶಿಯರ ಫೋಟೋನೂ ತೆಗೀಬಹುದು. 2025ರ ಮೇನಲ್ಲಿ ದೆಹಲಿಯ ಅಮೆರಿಕನ್ ಎಂಬಸಿಯವ್ರು ಎಕ್ಸಲ್ಲಿ ಹಾಕಿದ್ದು ನೆನಪಿರಬಹುದು, ಕೊಟ್ಟ ಅವಧಿ ಮೀರಿ ಇದ್ರೆ ಗಡೀಪಾರು ಮಾಡಬಹುದು, ಶಾಶ್ವತವಾಗಿ ನಿಷೇಧನೂ ಬೀಳಬಹುದು ಅಂತ. ಹೆದರಿಸೋಕೆ ಸ್ವಲ್ಪ ಜೋರಾಗೇ ಹೇಳಿದ್ದಾರೆ ಅನ್ಸುತ್ತೆ ನನಗೆ, ಆದ್ರೂ ಗಾಳಿ ಯಾವ ಕಡೆ ಬೀಸ್ತಿದೆ ಅಂತ ಅರ್ಥ ಆಗುತ್ತಲ್ಲ.

ಈಗ ಎಕ್ಸ್‌ಟೆನ್ಶನ್ ವಿಷಯ. ಫಾರ್ಮ್ ಐ-539. ಐ-94 ಮುಗಿಯೋ ಒಳಗೆ ಹಾಕ್ಬೇಕು, ಕನಿಷ್ಠ 45 ದಿನ ಮುಂಚೆ ಹಾಕಿ ಅಂತ ಈ ಅರ್ಜಿ ನೋಡೋ ಇಲಾಖೆ ಯುಎಸ್‌ಸಿಐಎಸ್‌ನವ್ರೇ ಹೇಳ್ತಾರೆ. 2024ರ ಏಪ್ರಿಲಿಂದ ಫೀ ಆನ್‌ಲೈನಾದ್ರೆ 420 ಡಾಲರ್, ಪೇಪರಲ್ಲಾದ್ರೆ 470, ಗಂಡ ಹೆಂಡತಿ ಒಂದೇ ಅರ್ಜಿಯಲ್ಲಿ ಹಾಕಬಹುದು. ಗ್ರೂಪಲ್ಲಿ ಹೇಳೋ ಅರ್ಧ ನಿಜ ಯಾವ್ದು ಅಂದ್ರೆ, ಟೈಮಿಗೆ ಸರಿಯಾಗಿ ಹಾಕಿದ್ರೆ, ಅರ್ಜಿಯಲ್ಲಿ ನಿಜವಾದ ಕಾರಣ ಇದ್ರೆ, ಅದು ಪೆಂಡಿಂಗ್ ಇರೋವಾಗ ಐ-94 ತಾರೀಖು ದಾಟಿದ್ರೂ ಆ 180 ದಿನದ ಲೆಕ್ಕ ಶುರು ಆಗಲ್ಲ. ಇದು ನಿಜ. ಗ್ರೂಪಲ್ಲಿ ಹೇಳದೇ ಇರೋ ಇನ್ನರ್ಧ ಏನಂದ್ರೆ, ರಸೀದಿ ಅನ್ನೋದು ಒಪ್ಪಿಗೆ ಅಲ್ಲ. ಉತ್ತರ ಬರೋಕೆ ತಿಂಗಳುಗಟ್ಟಲೆ ಆಗುತ್ತೆ, ಅಷ್ಟರಲ್ಲಿ ಹಳೇ ತಾರೀಖು ದಾಟಿ ಎಷ್ಟೋ ದಿನ ಆಗಿರುತ್ತೆ, ಆಮೇಲೆ ಇಲ್ಲ ಅಂತ ಬಂತು ಅಂದ್ರೆ ತಕ್ಷಣ ಹೊರಡಬೇಕು, ಮಾರನೇ ದಿನದಿಂದ ಅಕ್ರಮ ದಿನಗಳ ಮೀಟರ್ ಓಡುತ್ತೆ, ಪಾಸ್‌ಪೋರ್ಟಲ್ಲಿರೋ ವೀಸಾನೂ ರದ್ದು. ಇದು ನಾನು ಹೇಳ್ತಿರೋದಲ್ಲ, ಯುಎಸ್‌ಸಿಐಎಸ್ ತನ್ನ ಮಾಹಿತಿಯಲ್ಲೇ ಬರೆದಿದೆ. ಅಂದ್ರೆ ಹತ್ತು ವರ್ಷದ ವೀಸಾನ ಪಣಕ್ಕಿಟ್ಟು ಎರಡು ತಿಂಗಳು ಗೆಲ್ಲೋಕೆ ಹೋಗ್ತಿದ್ದೀರ.

ಹಾಗಂತ ಎಕ್ಸ್‌ಟೆನ್ಶನ್ ಹಾಕಲೇಬಾರದು ಅಂತ ನಾನು ಹೇಳ್ತಿಲ್ಲ. 2020ರ ಮಾರ್ಚಲ್ಲಿ ಭಾರತ ಅಂತಾರಾಷ್ಟ್ರೀಯ ವಿಮಾನ ಎಲ್ಲ ನಿಲ್ಲಿಸಿದಾಗ ಇಲ್ಲಿ ಎಷ್ಟು ಮನೇಲಿ ಅಪ್ಪ ಅಮ್ಮಂದಿರು ಸಿಕ್ಕಾಕೊಂಡಿದ್ರು, ಬಿಪಿ ಮಾತ್ರೆ ಖಾಲಿ, ಇನ್ಶೂರೆನ್ಸ್ ಮುಗೀತಾ ಇದೆ, ಮೇನಲ್ಲಿ ವಂದೇ ಭಾರತ್ ವಿಮಾನಗಳು ಶುರುವಾದ ಮೇಲೂ ಸೀಟಿಗೆ ಕಾಯಬೇಕಿತ್ತು. ಆವಾಗ ಎಲ್ರೂ ಐ-539 ಹಾಕಿದ್ರು, ಹಾಕಲೇಬೇಕಿತ್ತು. ಅಪ್ಪನಿಗೆ ಸ್ಟೆಂಟ್ ಹಾಕಿದ್ದಾರೆ ಡಾಕ್ಟರ್ ಫ್ಲೈ ಮಾಡಬೇಡಿ ಅಂದಿದ್ದಾರೆ ಅಂದ್ರೆ ಲೆಟರ್ ತಗೊಂಡು ಧೈರ್ಯವಾಗಿ ಹಾಕಿ, ಖರ್ಚಿಗೆ ದುಡ್ಡು ಎಲ್ಲಿಂದ ಬರುತ್ತೆ, ಯಾವಾಗ ವಾಪಸ್ ಹೋಗ್ತೀವಿ ಅಂತ ದಾಖಲೆ ಸಮೇತ ಬರೀರಿ. ನನ್ನ ತಕರಾರು ಡೇಕೇರ್‌ಗೆ ಇನ್ನೆರಡು ತಿಂಗಳ ದುಡ್ಡು ಉಳಿಯುತ್ತೆ ಅಂತ ಹಾಕೋರ ಬಗ್ಗೆ. ಹೇಳಿದ್ರೆ ಬೇಜಾರಾಗುತ್ತೆ ಆದ್ರೆ ನಮ್ಮಲ್ಲಿ ಬಾಣಂತನಕ್ಕೆ ಬಂದ ಅಮ್ಮ ನಿಧಾನವಾಗಿ ಆಯಾ ಆಗ್ಬಿಡ್ತಾರೆ, ಮೊದಲ ಎರಡು ತಿಂಗಳು ಅಂಟಿನುಂಡೆ ಮಾಡಿ ಮಗುಗೆ ಎಣ್ಣೆ ನೀರು ಹಾಕೋ ಸಂಭ್ರಮ ಇರುತ್ತೆ, ಆಮೇಲೆ ಚಳಿ ಶುರುವಾಗಿ ಹೊರಗೆ ಕಾಲಿಡೋ ಹಾಗಿಲ್ಲ, ಕಾರ್ ಇಲ್ದೆ ಎಲ್ಲೂ ಹೋಗೋ ಹಾಗಿಲ್ಲ, ಅವ್ರನ್ನ ಒಂದು ಮಾತು ಕೇಳಿದ್ದೀರಾ ಇನ್ನೂ ಇರೋಕೆ ಇಷ್ಟ ಇದೆಯಾ ಅಂತ? ಎಷ್ಟೋ ಅಪ್ಪಂದಿರು ನವೆಂಬರ್ ಒಳಗೆ ಊರು ಸೇರಿ ಬ್ಯಾಂಕಿಗೆ ಹೋಗಿ ಪೆನ್ಷನ್ನಿನ ಲೈಫ್ ಸರ್ಟಿಫಿಕೇಟ್ ಕೊಡ್ಬೇಕು ಅಂತಾರಲ್ಲ, ಈಗ ಅದನ್ನ ಮೊಬೈಲಲ್ಲೇ ಮಾಡಬಹುದು ಅಂತ ಅವ್ರಿಗೂ ಗೊತ್ತು. ಅದು ನೆಪ ಸ್ವಾಮಿ.

ನಯಾಗರಾ ಉಪಾಯದ ಬಗ್ಗೆ ಜಾಸ್ತಿ ಹೇಳೋಕೇನಿಲ್ಲ. ಕೆನಡಾಗೆ ಹೋಗೋಕೆ ನಮ್ಮವ್ರಿಗೆ ಬೇರೆ ವೀಸಾ ಬೇಕು, ಹೋಗಿ ಬಂದ್ರೂ 30 ದಿನದ ಒಳಗಿನ ಓಡಾಟಕ್ಕೆ ಹಳೇ ಐ-94 ಮೇಲೇನೇ ಒಳಗೆ ಬಿಡಬಹುದು, ಹೊಸ ಆರು ತಿಂಗಳು ಕೊಡೋದು ಬಿಡೋದು ಆಫೀಸರ್ ಇಷ್ಟ, ಈ ಟ್ರಿಕ್ ಅವ್ರು ನೋಡದೇ ಇರೋದೇನಲ್ಲ. ಕೆನಡಾದಲ್ಲಿ ಇರೋ ಅಣ್ಣ ತಮ್ಮಂದಿರು, ನಮ್ಮಲ್ಲಿ ಸೂಪರ್ ವೀಸಾ ಇದೆ ಒಂದೇ ಸಲಕ್ಕೆ ಐದು ವರ್ಷ ಇರಬಹುದು ಅಂತಾರೆ, ಹೌದು 2022ರ ಜುಲೈಯಿಂದ ಅಷ್ಟು ಸಿಗುತ್ತೆ, ಒಂದು ಲಕ್ಷ ಕೆನಡಿಯನ್ ಡಾಲರ್ ಕವರೇಜಿನ ಇನ್ಶೂರೆನ್ಸ್ ತೋರಿಸಬೇಕು, ಆದ್ರೆ ಅದು ಆ ದೇಶದ ನಿಯಮ, ಇಲ್ಲಿಗೆ ಲೆಕ್ಕಕ್ಕಿಲ್ಲ.

ಆರು ತಿಂಗಳು ಇದ್ದು ಹೋಗಿ ಮತ್ತೆ ಎಷ್ಟು ದಿನಕ್ಕೆ ಬರಬಹುದು ಅಂತಾನೂ ಕೇಳ್ತಾರೆ. ಕಾನೂನಲ್ಲಿ ಇಷ್ಟೇ ದಿನ ಅಂತ ಗ್ಯಾಪ್ ಬರೆದಿಲ್ಲ. ಆದ್ರೆ ಎರಡು ತಿಂಗಳಿಗೇ ವಾಪಸ್ ಬಂದ್ರೆ, ನೀವು ಇಲ್ಲೇ ಸಂಸಾರ ಹೂಡಿದ್ದೀರಾ ಅಂತ ಅನುಮಾನ ಬರೋದು ಸಹಜ, ಪಕ್ಕದ ರೂಮಿಗೆ ಕರ್ಕೊಂಡು ಹೋಗಿ ಕೂರಿಸ್ತಾರೆ. ಒಬ್ಬ ಮಗ ಡಲ್ಲಾಸಲ್ಲಿ ಮಗಳು ನ್ಯೂಜೆರ್ಸಿಯಲ್ಲಿ ಇದ್ದಾಗ ಪಾಳಿ ಹಾಕ್ಕೊಂಡು ಅಪ್ಪ ಅಮ್ಮನ್ನ ಕರೆಸ್ಕೊಳ್ಳೋ ಮನೆಗಳಲ್ಲಿ ಇದು ಜಾಸ್ತಿ. ಇಲ್ಲಿರೋದಕ್ಕಿಂತ ಊರಲ್ಲಿರೋ ದಿನ ಜಾಸ್ತಿ ಇರ್ಲಿ ಅನ್ನೋದು ನನ್ನ ಲೆಕ್ಕ. ಆಫೀಸರ್ ಕೇಳಿದಾಗ ಇಂಗ್ಲಿಷ್ ಬರಲ್ಲ ಅಂತ ಎಲ್ಲದಕ್ಕೂ ಎಸ್ ಎಸ್ ಅನ್ನೋದಕ್ಕಿಂತ ಕನ್ನಡ ಇಂಟರ್‌ಪ್ರಿಟರ್ ಬೇಕು ಅಂತ ಕೇಳೋದು ವಾಸಿ, ಫೋನಲ್ಲಿ ಕನೆಕ್ಟ್ ಮಾಡೋ ವ್ಯವಸ್ಥೆ ಇದೆ, ಕೇಳೋದ್ರಲ್ಲಿ ನಾಚಿಕೆ ಏನಿಲ್ಲ.

ಅಕಸ್ಮಾತ್ ಇದನ್ನ ಓದ್ತಾ ಇರೋವಾಗ್ಲೇ ತಾರೀಖು ದಾಟಿ ಹೋಗಿದ್ರೆ, ಗ್ರೂಪಲ್ಲಿ ಕೇಳ್ಬೇಡಿ, ಇಮಿಗ್ರೇಶನ್ ಲಾಯರಿಗೆ ದುಡ್ಡು ಕೊಟ್ಟು ಕೇಳಿ, 180 ದಿನ ಆಗೋದ್ರೊಳಗೆ ಹೊರಡೋದಕ್ಕೂ ಆಮೇಲೆ ಹೊರಡೋದಕ್ಕೂ ಎಷ್ಟು ವ್ಯತ್ಯಾಸ ಅಂತ ಮೇಲೆ ಹೇಳಿದ್ದೀನಲ್ಲ. ಮಗ ಅಥವಾ ಮಗಳು ಅಮೆರಿಕನ್ ಸಿಟಿಜನ್ ಆಗಿದ್ರೆ ಗ್ರೀನ್ ಕಾರ್ಡ್ ದಾರಿಯಲ್ಲಿ ತಂದೆ ತಾಯಿಗೆ ಬೇರೆ ರಿಯಾಯಿತಿ ಇದೆ, ಅದಕ್ಕೇ ಆ ಮನೆಯವ್ರು ಹೇಳೋ ಅನುಭವ ಎಚ್‌-1ಬಿ ಮನೆಗೆ ಹೊಂದಲ್ಲ. ಹೋಗುವಾಗ ಬೋರ್ಡಿಂಗ್ ಪಾಸ್ ಎಸೀಬೇಡಿ, ಊರು ತಲುಪಿದ ಮೇಲೆ ವೆಬ್‌ಸೈಟಲ್ಲಿ ಹೊರಟ ದಿನ ಬಂದಿದೆಯಾ ನೋಡಿ. ಮತ್ತೆ ದಯವಿಟ್ಟು ಕೊನೇ ದಿನಕ್ಕೆ ಟಿಕೆಟ್ ಬುಕ್ ಮಾಡ್ಬೇಡಿ, ಅದ್ರಲ್ಲೂ ರಾತ್ರಿ ಹನ್ನೊಂದೂವರೆ ಫ್ಲೈಟು, ಅದು ಒಂದು ಗಂಟೆ ಲೇಟಾದ್ರೆ ತಾರೀಖು ಬದಲಾಗಿರುತ್ತೆ, ಎರಡು ವಾರ ಮುಂಚಿನದ್ದೇ ಮಾಡಿ.

ಐ-539 ಜೊತೆ ಏನೇನು ದಾಖಲೆ ಹಾಕ್ಬೇಕು ಅಂತ ಇನ್ನೊಂದು ಪೋಸ್ಟಲ್ಲಿ ಬರೀತೀನಿ, ಇದೇ ಉದ್ದ ಆಯ್ತು.